ಕದಿರಪ್ಪನವರ ಔಟ್‌ಬೋರ್ ಮೋಟರು

ಬಂಗಾರಪೇಟೆಯ ಕದಿರಪ್ಪನವರಿಗೆ ಬಾರದ ಮಾತು ಒಂದೇ ಒಂದು. ಅದು ‘ಗೊತ್ತಿಲ್ಲ’ ಎಂಬ ಮಾತು. ಇದನ್ನು ದೂರು ಎಂದು ಯಾರೂ ತಿಳಿಯಬಾರದು. ಬೋರ್‌ವೆಲ್ ಮೋಟರ್ ರಿಪೇರಿಯಲ್ಲಿ ಅವರ ಕೈಗುಣ ಸುತ್ತಮುತ್ತಲ ಊರಿಗೆಲ್ಲ ಗೊತ್ತು. ಕ್ಯಾಸಂಬಳ್ಳಿ ಕಡೆ ಪಾತಾಳದಲ್ಲಿ ಸಿಕ್ಕಿಹಾಕಿಕೊಂಡಿದ್ದ ಮೋಟರನ್ನು ಪೈಪಿಗೆ ಕಿವಿಯಿಟ್ಟು, ಬೈದು, ಪುಸಲಾಯಿಸಿ ಮೇಲಕ್ಕೆ ತಂದ ಪುಣ್ಯಾತ್ಮರು ಅವರು. ಆದರೆ ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಯಾರು ಯಾವ ಯಂತ್ರದ ಹೆಸರು ಹೇಳಿದರೂ ಅವರ ಉತ್ತರ ಒಂದೇ: “ಅದಾ? ಅಂಥಾವು ನೂರು ಬಿಚ್ಚಿದೀನಿ ಬಿಡು.”

ಬೇತಮಂಗಲದಿಂದ ಫೋನು ಬಂದಾಗಲೂ ಅವರು ಇದನ್ನೇ ಹೇಳಿದರು. ಅಂಗಡಿ ರೈಲ್ವೆ ಸ್ಟೇಷನ್ನಿನ ಪಕ್ಕ. ಆ ಹೊತ್ತಿಗೆ ಸರಿಯಾಗಿ ಗೂಡ್ಸ್ ಗಾಡಿಯೊಂದು ಕೂಗಿಕೊಂಡು ಹೊರಟಿತ್ತು.

“ಅಣ್ಣಾ, ನಾನು ಬೇತಮಂಗಲದ ಅಶ್ವತ್ಥಮ್ಮ. ಇಲ್ಲಿ...” ಗಾಡಿ ಕೂಗಿತು. “...ಸಂಘದ ಅಧ್ಯಕ್ಷೆ. ನಮ್ದೊಂದು ಔಟ್‌ಬೋರ್ ಮೋಟರ್ ಕೆಟ್ಟೋಗೈತೆ. ನಿಮ್ಗೆ ಬತ್ತದಾ?”

ಹಾಲಿನ ಸಂಘವಿರಬೇಕು, ಊರಾಚೆ ಬೋರ್ ಹಾಕಿಸಿದ್ದಾರೆ, ಅದನ್ನೇ ‘ಔಟ್ ಬೋರ್’ ಅನ್ನುತ್ತಿದ್ದಾಳೆ ಎಂದು ಕದಿರಪ್ಪ ಕ್ಷಣಾರ್ಧದಲ್ಲಿ ಅರ್ಥ ಮಾಡಿಕೊಂಡರು. ಅವರ ಅರ್ಥ ಮಾಡಿಕೊಳ್ಳುವ ವೇಗ ಯಾವಾಗಲೂ ಹೀಗೇ.

“ಔಟ್ ಬೋರಾ? ಅಂಥಾವು ನೂರು ಬಿಚ್ಚಿದೀನಿ ಬಿಡಮ್ಮ. ನೀರು ಎಷ್ಟಡೀಲಿ ಅದೆ?”

“ಎಷ್ಟಡಿ ಅಂದ್ರೆ... ದಡದ ತಾವ ಮೊಣಕಾಲುದ್ದ ಐತೆ. ನಡುವೆ ಇಪ್ಪತ್ತಡಿ ಇರ್ಬೋದು.”

ಕದಿರಪ್ಪನವರ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದರೂ ಧೂಳೇ ಹಾರುವ ಕಾಲವನ್ನು ಕಂಡವರು ಅವರು. “ಮೊಣಕಾಲುದ್ದಕ್ಕೇ ನೀರಾ? ಎಷ್ಟಿಂಚು ಬತ್ತದೆ?”

“ಇಂಚಾ? ಏನಣ್ಣ ಇಂಗಂತೀಯ! ಕಣ್ಣು ಓದಷ್ಟು ದೂರಾನೂ ನೀರೇ ಕಣಣ್ಣ.”

ಕದಿರಪ್ಪ ಫೋನಿಟ್ಟು, ಒಳಗೆ ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಕಾಂತಮ್ಮನಿಗೆ ಸುದ್ದಿ ಮುಟ್ಟಿಸಿದರು. “ಲೇ ಕಾಂತಾ, ಬೇತಮಂಗಲದಾಗೆ ಮೊಣಕಾಲುದ್ದಕ್ಕೇ ಬೋರ್ ನೀರು ಬಂದದಂತೆ ಕಣೇ!”

“ನಾನೂ ಬತ್ತೀನಿ,” ಎಂದರು ಕಾಂತಮ್ಮ. ಅಂಥ ಗಂಗಮ್ಮನನ್ನು ನೋಡುವ ಯೋಗ ಎಲ್ಲರಿಗೂ ಸಿಗುವುದಿಲ್ಲ. ಒಂದು ತೆಂಗಿನಕಾಯಿ, ಅರಿಶಿನ, ಕುಂಕುಮ, ಊದುಬತ್ತಿ ಎಲ್ಲ ಚೀಲಕ್ಕೆ ಬಿದ್ದವು. ಗೂಡ್ಸ್ ಆಟೋದಲ್ಲಿ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಚೈನ್ ಪುಲ್ಲಿ, ಮಾರುದ್ದದ ಪೈಪ್ ಸ್ಪ್ಯಾನರು, ಹಗ್ಗದ ಸುರುಳಿ ಹೇರಿಕೊಂಡು ಗಂಡ ಹೆಂಡತಿ ಬೇತಮಂಗಲಕ್ಕೆ ದಿಬ್ಬಣ ಹೊರಟರು.

ಕೆರೆಯ ದಡದಲ್ಲಿ ಇಡೀ ಮೀನುಗಾರರ ಸಂಘ ಇವರಿಗಾಗಿ ಕಾದು ನಿಂತಿತ್ತು. ಅಶ್ವತ್ಥಮ್ಮ ಮುಂದೆ ಬಂದು ಕೈ ಮುಗಿದರು. ಪಕ್ಕದಲ್ಲಿ ದೋಣಿ ನಡೆಸುವ ಚಿಕ್ಕಮುನಿಯಪ್ಪ ಬೀಡಿ ಕಚ್ಚಿಕೊಂಡು ನಿಂತಿದ್ದ. ಆಟೋದಿಂದ ಇಳಿಯುತ್ತಿದ್ದ ಮೂರು ಕಾಲಿನ ಸ್ಟ್ಯಾಂಡನ್ನು ನೋಡಿ ಅವನ ಬೀಡಿ ಬಾಯಿಂದ ಜಾರಿತು.

“ಏನಣ್ಣಾ, ಕೆರೆ ಒಳಗೇ ಬೋರ್ ಆಕ್ತೀಯಾ?”

ಕದಿರಪ್ಪ ಸುತ್ತ ನೋಡಿದರು. ಬೋರ್ ಎಲ್ಲೂ ಇಲ್ಲ. ಕರೆಂಟಿನ ಕಂಬವಿಲ್ಲ, ಸ್ಟಾರ್ಟರ್ ಡಬ್ಬಿಯಿಲ್ಲ. ಕೋಡಿಯವರೆಗೂ ತುಂಬಿ ತುಳುಕುವ ಕೆರೆ, ಅದರ ದಡದಲ್ಲಿ ಒಂದು ದೋಣಿ, ದೋಣಿಯ ಹಿಂದೆ ತಲೆಗೆ ಟೋಪಿ ಹಾಕಿ, ಕಾಲನ್ನು ನೀರಿಗೆ ಇಳಿಬಿಟ್ಟುಕೊಂಡ ಹಳೇ ಕಾಲದ ಯಂತ್ರವೊಂದು. ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ಕಚ್ಚಿಸಿ ಓಡಿಸುವ ಔಟ್‌ಬೋರ್ಡ್ ಮೋಟರ್ ಎಂಬುದು ಅದೇ. ಬೋರಿಗೂ ಅದಕ್ಕೂ ಯಾವ ನೆಂಟಸ್ತನವೂ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ತಪ್ಪಾಯಿತು ಎಂದು ಬಂದ ಆಟೋ ಹತ್ತುತ್ತಿದ್ದರು. ಕದಿರಪ್ಪ ಮೀಸೆ ಸವರಿಕೊಂಡರು. “ಅಲ್ಲಾ ಕಣಯ್ಯಾ, ಮೋಟರ್ ಎತ್ತಕ್ಕೆ ಸ್ಟ್ಯಾಂಡ್ ಬ್ಯಾಡ್ವಾ? ಕೈಯಾಗೆ ಎತ್ತಕ್ಕೆ ಅದೇನು ಕೂಸಾ?”

ಹಿಂದೆ ನಿಂತಿದ್ದ ಕಾಂತಮ್ಮನಿಗೆ ಎಲ್ಲ ಅರ್ಥವಾಯಿತು. ಆದರೆ ಗಂಡನ ಮರ್ಯಾದೆ ವಿಷಯದಲ್ಲಿ ಆಕೆ ಬಾಯಿ ಬಿಡುವ ಪೈಕಿಯಲ್ಲ.

ಅಶ್ವತ್ಥಮ್ಮ ಸಂಕಟ ತೋಡಿಕೊಂಡರು. ಕೆರೆ ಬತ್ತಿದ್ದ ವರ್ಷಗಳಲ್ಲಿ ಈ ಎಂಜಿನ್ನು ಶೆಡ್ಡಿನಲ್ಲಿ ಮಲಗಿತ್ತು. ಈಗ ಕೆರೆ ತುಂಬಿದೆ. ಎಂಜಿನ್ನು ಮಾತ್ರ ಏಳುತ್ತಿಲ್ಲ. “ಸೋಮವಾರ ಮೀನುಗಾರಿಕೆ ಆಫೀಸಿನಿಂದ ಮೇಡಮ್ಮು ಬತ್ತಾರಣ್ಣ. ಓಡ್ಲಿಲ್ಲ ಅಂದ್ರೆ ದೋಣೀನೂ ಎಂಜಿನ್ನೂ ಕಂಡಮ್ ಮಾಡಿ ಗುಜರಿಗೆ ಬರೆದ್ಬಿಡ್ತಾರೆ. ಆಮೇಲೆ ನಾವು ತೆಪ್ಪದಾಗೆ ಹುಟ್ಟು ಆಕ್ಕೊಂಡು ಆ ದಡಕ್ಕೆ ಓಗಿ ಬರಾ ಒತ್ತಿಗೆ ರಾಬರ್ಟ್‌ಸನ್‌ಪೇಟೆ ಸಂತೆ ಮುಗ್ದೋಗಿರ್ತದೆ. ನಮ್ಮ ಹೆಂಗಸರು ಮೀನು ಎಲ್ಲಿ ಮಾರ್ಬೇಕು?”

ಅಂದು ಶನಿವಾರ. ಕದಿರಪ್ಪನವರ ಬಾಯಿ ಮತ್ತೊಮ್ಮೆ ಒಂದು ಹೆಜ್ಜೆ ಮುಂದೆ ಹೋಯಿತು. “ಸೋಮವಾರ ಆ ಮೇಡಮ್ಮನ್ನ ಇದೇ ದೋಣೀಲಿ ಕೂರ್ಸಿ ಕೆರೆ ಸುತ್ತಾಕಿಸ್ತೀನಿ. ಇದು ಕದಿರಪ್ಪನ ಮಾತು!”

ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ದೇವರಿಗೂ ಕಷ್ಟ.

ಕೆಲಸ ಶುರುವಾಯಿತು. ಇಬ್ಬರು ಎತ್ತಿಡಬಹುದಾದ ಎಂಜಿನ್ನಿಗೆ ಮೂರು ಕಾಲಿನ ಸ್ಟ್ಯಾಂಡು ನೆಟ್ಟು, ಚೈನ್ ಪುಲ್ಲಿ ಕಟ್ಟಿ, “ನಿಧಾನ... ನಿಧಾನ... ಇಡ್ಕೊಳ್ರೋ!” ಎಂದು ಆನೆಯನ್ನು ಬಾವಿಯಿಂದ ಎತ್ತುವ ಹಾಗೆ ಎತ್ತಿಸಿದರು. ಊರಿನವರು ಅಂಥ ವೈಭವವನ್ನು ಎಂದೂ ಕಂಡಿರಲಿಲ್ಲ. ಆಮೇಲೆ ಕದಿರಪ್ಪ ಯಂತ್ರದ ಸುತ್ತ ಎರಡು ಪ್ರದಕ್ಷಿಣೆ ಹಾಕಿ ಗಂಭೀರವಾಗಿ ಕೇಳಿದರು:

“ವೈರ್ ಎಲ್ಲಿ?”

“ವೈರಾ? ಇದು ಪೆಟ್ರೋಲ್ ಎಂಜಿನ್ ಅಲ್ವಾ ಅಣ್ಣ? ಆಯಿಲ್ ಬೆರೆಸಿ ಆಕೋದು. ಟೂ ಸ್ಟ್ರೋಕು,” ಎಂದ ಚಿಕ್ಕಮುನಿಯಪ್ಪ.

“ನಂಗೊತ್ತು. ನಿಂಗೊತ್ತಾ ಅಂತ ನೋಡ್ದೆ.”

ಟೂ ಸ್ಟ್ರೋಕ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಕದಿರಪ್ಪನವರಿಗೆ ಗೆಳೆಯ ಆರುಮುಗಂ ನೆನಪಾದ. ರಾಬರ್ಟ್‌ಸನ್‌ಪೇಟೆಯಲ್ಲಿ ಹಳೇ ಸ್ಕೂಟರುಗಳನ್ನು ನಂಬಿಕೊಂಡು ಕೂತ ಮೆಕ್ಯಾನಿಕ್ಕು. ಫೋನಿನಲ್ಲಿ “ಟೂ ಸ್ಟ್ರೋಕು” ಎಂದದ್ದಷ್ಟೇ, ಆತ ತಲೆ ಬಾಚಿಕೊಂಡು ಶರ್ಟು ಬದಲಾಯಿಸಿ ಸ್ಕೂಟರಿನಲ್ಲಿ ಹಾರಿಬಂದ. ಎಂಜಿನ್ನಿನ ಟೋಪಿ ತೆಗೆದು ನೋಡಿ ಆತನ ಕಣ್ಣಲ್ಲಿ ನೀರೇ ಬಂತು, ಬಾಯಲ್ಲಿ ತಮಿಳು ಬಂತು.

“ಅಯ್ಯೋ ಕಡವುಳೇ! ಎನ್ನ ಅಳಗು! ಕದ್ರಪ್ಪಣ್ಣೇ, ಈಗಿನ ಕಾಲದಾಗೆ ಇಂಥ ಲಕ್ಷಣವಾದ ಮುಖ ಎಲ್ಲಿ ಸಿಗುತ್ತೆ ಪಾ!”

ಆರುಮುಗಂ ಪ್ಲಗ್ ಬಿಚ್ಚಿದ. ಕಾಡಿಗೆ ಮೆತ್ತಿಕೊಂಡು ಕೂತಿತ್ತು. ಉಜ್ಜಿದ. ಕಾರ್ಬುರೇಟರ್ ಬಿಚ್ಚಿದ. ಒಳಗೆ ಹಳೇ ಪೆಟ್ರೋಲು ಬೆಲ್ಲದ ಪಾಕದಂತೆ ಅಂಟಿತ್ತು. ತೊಳೆದ, ಊದಿದ, ಸಣ್ಣ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿದ. ಸ್ಟ್ಯಾಂಡಿನ ಕಾಲುಗಳಿಗೆ ಅಡ್ಡ ಹಲಗೆ ಕಟ್ಟಿ ಎಂಜಿನ್ನನ್ನು ಅದಕ್ಕೆ ಕಚ್ಚಿಸಿ, ಕಾಲನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಬಿಟ್ಟರು. ಬೋರಿಗೆಂದು ತಂದ ಸ್ಟ್ಯಾಂಡು ಈ ಕೆಲಸಕ್ಕೇ ಹುಟ್ಟಿದ್ದೇನೋ ಎಂಬಂತೆ ಕೂತಿತು. “ನೋಡಿದ್ಯಾ?” ಎಂಬಂತೆ ಕದಿರಪ್ಪ ಚಿಕ್ಕಮುನಿಯಪ್ಪನ ಕಡೆ ನೋಡಿದರು. ಹಗ್ಗ ಎಳೆದರು. ಒಂದು ಸಲ, ಎರಡು ಸಲ, ಹತ್ತು ಸಲ. ಕೊನೆಗೆ ಎಂಜಿನ್ನು ಕೆಮ್ಮಿ, ಉಗುಳಿ, ದಡವೆಲ್ಲ ನೀಲಿ ಹೊಗೆ ತುಂಬಿಸಿ ಭರ್ರೆಂದು ಎದ್ದಿತು!

ಎಲ್ಲರೂ ಕುಣಿದರು. ಆರುಮುಗಂ ಕಣ್ಣು ಮುಚ್ಚಿ ಹೊಗೆಯನ್ನು ದೇವಸ್ಥಾನದ ಧೂಪದಂತೆ ಎಳೆದುಕೊಂಡ. ಕದಿರಪ್ಪ ಮಾತ್ರ ಹುಬ್ಬು ಗಂಟಿಕ್ಕಿ ಎಂಜಿನ್ನಿನ ಸುತ್ತ ಏನನ್ನೋ ಹುಡುಕುತ್ತಿದ್ದರು.

“ನೀರ್ ಬತ್ತಿಲ್ಲ,” ಎಂದರು.

“ಏನ್ ಬತ್ತಿಲ್ಲ?”

“ನೀರು. ಮೋಟರ್ ಆನ್ ಆಗ್ಯದೆ, ನೀರ್ ಬತ್ತಿಲ್ಲ.”

ದಡದ ಮೇಲೆ ನಗುವಿನ ಅಲೆಯೇ ಎದ್ದಿತು. ಅಶ್ವತ್ಥಮ್ಮನೇ ಸೆರಗು ಬಾಯಿಗೆ ಅಡ್ಡ ಹಿಡಿದರು. ಚಿಕ್ಕಮುನಿಯಪ್ಪ ಹೊಟ್ಟೆ ಹಿಡಿದುಕೊಂಡು, “ಅಣ್ಣಾ, ಇದು ದೋಣಿ ತಳ್ಳಾ ಮೋಟರು. ನೀರೆತ್ತೋದಲ್ಲ! ನೀರು ಬೇಕಂದ್ರೆ ಇಂದುಕ್ಕೆ ತಿರುಗಿ ನೋಡು, ಕೆರೆ ಐತೆ!” ಎಂದ.

“ಯಾವ್ದಾದ್ರೂ ಆಗ್ಲಿ. ಮೋಟರ್ ಅಂದ್ಮೇಲೆ ನೀರ್ ಬರ್ಬೇಕು,” ಎಂದು ಕದಿರಪ್ಪ ಜಪ ಹಿಡಿದರು. ಅವರಿಗೆ ತಿಳಿದಿದ್ದ ಪರೀಕ್ಷೆ ಅದೊಂದೇ. ಒಬ್ಬ ಮನುಷ್ಯ ಜೀವಮಾನವೆಲ್ಲ ಒಂದೇ ಪ್ರಶ್ನೆ ಕೇಳಿಕೊಂಡು ಬಂದರೆ, ದೇವರು ಎದುರು ನಿಂತರೂ ಅದನ್ನೇ ಕೇಳುತ್ತಾನೆ.

ಅಷ್ಟರಲ್ಲಿ ಎಂಜಿನ್ನಿನ ಸದ್ದು ಬಿಗಿಯಾಯಿತು. ಬಿಸಿಯ ವಾಸನೆ ಬಂತು. ಗರ್ರೆಂದು ಮುಲುಗಿ ನಿಂತೇಹೋಯಿತು. ಆರುಮುಗಂ ಕೈಯಿಟ್ಟು ಕೈ ಎಳೆದುಕೊಂಡ. “ಅಪ್ಪಾ, ದೋಸೆ ಹುಯ್ಯಬಹುದು ಇದರ ಮೇಲೆ! ಇನ್ನೊಂಚೂರು ಬಿಟ್ಟಿದ್ರೆ ಪಿಸ್ಟನ್ ಕಚ್ಕೊಂಡ್ಬಿಡ್ತಿತ್ತು. ಸ್ಕೂಟರ್‌ಗಾದ್ರೆ ಗಾಳಿ ಹೊಡೆಯೋ ಫ್ಯಾನ್ ಇರುತ್ತೆ. ಇದಕ್ಕೆ ತಂಪು ಹೆಂಗೆ?”

ಕದಿರಪ್ಪ ನೆಲಕ್ಕೆ ಕೂತು ಎಂಜಿನ್ನಿನ ಮೈಯೆಲ್ಲ ಬೆರಳಾಡಿಸುತ್ತಿದ್ದರು. ಟೋಪಿಯ ಕೆಳಗೆ, ಹಿಂಬದಿಯಲ್ಲಿ, ಕಡ್ಡಿ ತೂರುವಷ್ಟು ಒಂದು ಸಣ್ಣ ತೂತು ಸಿಕ್ಕಿತು. ಅದರ ಬಾಯಿಗೆ ಕಪ್ಪಗೆ ಏನೋ ಮೆತ್ತಿತ್ತು.

“ಇದೇನ್ಲಾ ಇದು, ಟಾರು?”

ಚಿಕ್ಕಮುನಿಯಪ್ಪ ಹೆಮ್ಮೆಯಿಂದ ಎದೆಯುಬ್ಬಿಸಿದ. “ನಾನೇ ಮೆತ್ತಿದ್ದು ಕಣಣ್ಣ. ಅಲ್ಲಿಂದ ನೀರು ಸೋರ್ತಿತ್ತು. ದೋಣೀಲಿ ಎಲ್ಲಿ ಸೋರಿದ್ರೂ ನಾವು ಟಾರ್ ಬಳಿದು ಮುಚ್ಚಿಬಿಡೋದು. ನಮ್ಮಪ್ಪನ ಕಾಲದಿಂದ ಇದೇ ಪದ್ಧತಿ.”

“ಸೋರ್ತಿತ್ತಾ?” ಕದಿರಪ್ಪ ಎದ್ದು ನಿಂತರು. ಅವರ ಧ್ವನಿ ಕೋಡಿಗೆ ಬಡಿದು ವಾಪಸು ಬಂತು. “ಸೋರ್ತಿರ್ಲಿಲ್ಲ ಕಣ್ಲಾ! ನೀರು ಬತ್ತಿತ್ತು! ಸೋರೋದು ಬೇರೆ, ಬರೋದು ಬೇರೆ! ನಮ್ಮ ಕಡೆ ಒಂದು ತೊಟ್ಟು ನೀರು ಬರ್ಲಿ ಅಂತ ಜನ ಎಲ್ಲಾ ದೇವ್ರಿಗೂ ಹರಕೆ ಹೊತ್ರೆ, ಬಂದ ನೀರಿಗೆ ಟಾರ್ ಮೆತ್ತಿದ್ಯಲ್ಲೋ ಮಹಾನುಭಾವ!”

ದಡದ ಮೇಲೆ ನಗು ನಿಂತಿತು. ಆರುಮುಗಂ ನಿಧಾನವಾಗಿ ತಲೆದೂಗಿದ. ಕೆರೆಯ ನೀರನ್ನೇ ಎಳೆದು ಎಂಜಿನ್ನನ್ನು ತಂಪು ಮಾಡಿ ಈ ತೂತಿನಿಂದ ಹೊರಕ್ಕೆ ಬಿಡುವ ವ್ಯವಸ್ಥೆ ಇದು ಎಂದು ಅವನಿಗೆ ಹೊಳೆದಿತ್ತು. ನೀರು ಬರುತ್ತಿದ್ದರೆ ಎಂಜಿನ್ನು ಕ್ಷೇಮ. ಇಲ್ಲವಾದರೆ ಕೆಂಡ. “ಕದ್ರಪ್ಪಣ್ಣೇ, ನೀ ಸಾಮಾನ್ಯ ಆಳಲ್ಲ ಪಾ,” ಎಂದ.

“ಅಂಥಾವು ನೂರು ಬಿಚ್ಚಿದೀನಿ ಬಿಡು,” ಎಂದರು ಕದಿರಪ್ಪ, ಅಂಥದೊಂದನ್ನು ಜನ್ಮದಲ್ಲಿ ಮೊದಲ ಸಲ ಮುಟ್ಟುತ್ತ.

ಟಾರು ಕೆರೆದು, ಎಂಜಿನ್ನು ತಣ್ಣಗಾದ ಮೇಲೆ ಮತ್ತೆ ಎಬ್ಬಿಸಿದರು. ಆದರೂ ನೀರಿಲ್ಲ. ಹಾಗಾದರೆ ನೀರೆತ್ತುವ ಪಂಪು ಕೆಟ್ಟಿರಬೇಕು. ಪಂಪು ಎಂದಮೇಲೆ ಕದಿರಪ್ಪನವರಿಗೆ ತವರುಮನೆಗೆ ಬಂದಂತಾಯಿತು. ಇನ್ನು ಅವರ ಕೈಯನ್ನು ನೋಡಬೇಕಿತ್ತು. ಬಾಯಿ ತಾನಾಗಿ ಮುಚ್ಚಿಕೊಂಡಿತು. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಒಂದನ್ನೂ ಮುರಿಯದೆ ಎಂಜಿನ್ನಿನ ಕಾಲನ್ನು ಕಳಚಿದರು. ಒಳಗೆ ರಬ್ಬರಿನ ಒಂದು ಪುಟ್ಟ ಹೂವು, ಹಿತ್ತಾಳೆ ಬುಷ್ಷಿನ ಸುತ್ತ. ಅದರ ಎಸಳುಗಳೆಲ್ಲ ಒಣಗಿ, ಸೀಳಿ, ಮುರಿದುಹೋಗಿದ್ದವು. ಇಷ್ಟು ವರ್ಷ ಈ ಹೂವೇ ತಿರುಗಿ ನೀರೆತ್ತುತ್ತಿತ್ತು. ಕದಿರಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. ಅಷ್ಟು ಚಿಕ್ಕ ಪಂಪನ್ನು ಅವರು ಕಂಡಿರಲಿಲ್ಲ, ಅವರಿಗೆ ಅದರ ಮೇಲೆ ಮಮತೆಯೇ ಹುಟ್ಟಿತು.

ಅದು ಈ ಸೀಮೆಯ ಯಾವ ಅಂಗಡಿಯಲ್ಲೂ ಸಿಗುವ ಸಾಮಾನಲ್ಲ. ಆರುಮುಗಂ ಅದನ್ನು ಜೇಬಿಗೆ ಹಾಕಿಕೊಂಡು ಹೋದ. ಭಾನುವಾರ ಬೆಳಗ್ಗೆ ಬಂದಾಗ ಹಳೇ ಕನ್ವೇಯರ್ ಬೆಲ್ಟಿನ ರಬ್ಬರಿನಲ್ಲಿ ಎಸಳು ಎಸಳಾಗಿ ಕೊಯ್ದು, ಅದೇ ಹಿತ್ತಾಳೆ ಬುಷ್ಷಿಗೆ ಕೂರಿಸಿದ ಹೊಸ ಹೂವು ಅವನ ಕೈಯಲ್ಲಿತ್ತು. ಒಂದೆಸಳು ಹೆಚ್ಚಿಲ್ಲ, ಒಂದೆಸಳು ಕಡಿಮೆಯಿಲ್ಲ. ಕದಿರಪ್ಪ ಅದನ್ನು ತಿರುಗಿಸಿ ನೋಡಿ, “ಆರುಮುಗಂ, ನಿನ್ನ ಕೈಗೆ ಚಿನ್ನದ ಕಡಗ ಆಕ್ಬೇಕು ಕಣಯ್ಯಾ,” ಎಂದರು. ಅವರು ಇನ್ನೊಬ್ಬ ಮೆಕ್ಯಾನಿಕ್ಕನ್ನು ಹೊಗಳಿದ್ದು ಅದೇ ಮೊದಲು ಎಂದು ಕಾಂತಮ್ಮ ಆಮೇಲೆ ಎಲ್ಲರಿಗೂ ಹೇಳಿದರು.

ಜೋಡಿಸಿದರು. ಡ್ರಮ್ಮಿಗೆ ಇಳಿಬಿಟ್ಟರು. ಹಗ್ಗ ಎಳೆದರು. ಎಂಜಿನ್ನು ಎದ್ದಿತು. ಕದಿರಪ್ಪ ಮಂಡಿಯೂರಿ ಆ ಸಣ್ಣ ತೂತಿನ ಮುಂದೆ ಕೂತರು. ಏನೂ ಇಲ್ಲ. ಒಂದು ಗುಳ್ಳೆ. ಕೆಸರಿನ ಒಂದು ಹನಿ. ಮರುಕ್ಷಣ ಬೆಳ್ಳನೆಯ ಒಂದು ಎಳೆ ಚಿಮ್ಮಿ ನೇರವಾಗಿ ಅವರ ಮುಖಕ್ಕೇ ಬಡಿಯಿತು.

“ನೀರ್ ಬಂತು! ಲೇ ಕಾಂತಾ, ನೀರ್ ಬಂತು ಕಣೇ!”

ಎದುರಿಗೆ ಸಮುದ್ರದಂಥ ಕೆರೆಯಿಟ್ಟುಕೊಂಡು ಕಡ್ಡಿಗಾತ್ರದ ನೀರಿಗೆ ಕುಣಿಯುವ ಮನುಷ್ಯನನ್ನು ಮೀನುಗಾರರು ಎಂದೂ ನೋಡಿರಲಿಲ್ಲ. ಆದರೆ ಈ ಸಲ ಯಾರೂ ನಗಲಿಲ್ಲ. ಕಾಂತಮ್ಮ ಎಂಜಿನ್ನಿಗೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದರು. ಅಶ್ವತ್ಥಮ್ಮ ಚಪ್ಪಲಿ ಬಿಟ್ಟು ಕೈ ಮುಗಿದರು. ಚಿಕ್ಕಮುನಿಯಪ್ಪ ಕಾಯಿಚೂರು ಬಾಯಿಗೆ ಹಾಕಿಕೊಂಡು, “ಬತ್ತಾ ಐತೆ, ಸೋರ್ತಾ ಇಲ್ಲ,” ಎಂದು ತನಗೆ ತಾನೇ ಪಾಠ ಒಪ್ಪಿಸಿಕೊಂಡ.

ಸೋಮವಾರ ಆಫೀಸಿನ ಸುಮಿತಾ ಮೇಡಂ ಜೀಪಿನಲ್ಲಿ ಬಂದರು. ಚಿಕ್ಕ ವಯಸ್ಸಿನ, ಮಾತು ಕಡಿಮೆಯ ಹೆಣ್ಣುಮಗಳು. ಕುಂಕುಮ ಹಚ್ಚಿಕೊಂಡು ಕೂತ ಎಂಜಿನ್ನನ್ನು ಸುತ್ತ ನೋಡಿ, “ಇದು ನಡುನೀರಲ್ಲಿ ನಿಂತ್ರೆ ಏನ್ ಮಾಡೋದು? ರಿಪೇರಿ ಮಾಡಿದವರೂ ಹತ್ತಲಿ. ಆಗ ನಾನೂ ಹತ್ತುತ್ತೀನಿ,” ಎಂದರು.

ಎಲ್ಲರೂ ಕದಿರಪ್ಪನವರ ಕಡೆ ತಿರುಗಿದರು. ಇಲ್ಲಿ ಒಂದು ಗುಟ್ಟು ಹೇಳಬೇಕು. ಕದಿರಪ್ಪನವರಿಗೆ ಈಜು ಬಾರದು. ಈಜು ಹಾಗಿರಲಿ, ತೊಡೆ ಮುಳುಗುವಷ್ಟು ನೀರಿಗೆ ಅವರು ಇಳಿದವರೇ ಅಲ್ಲ. ಬಕೆಟ್ಟಿನ ಆಚೆ ಅವರಿಗೂ ನೀರಿಗೂ ಪರಿಚಯವಿರಲಿಲ್ಲ.

“ನಾನು ದಡದಲ್ಲೇ ನಿಂತು ಸೌಂಡ್ ಕೇಳ್ಬೇಕು ಮೇಡಂ. ದೂರದಿಂದ ಕೇಳಿದ್ರೇ ಗೊತ್ತಾಗೋದು.”

“ಅಣ್ಣ ಸುಮ್ನೆ ತಮಾಷೆ ಮಾಡ್ತದೆ ಮೇಡಂ!” ಎಂದು ಅಶ್ವತ್ಥಮ್ಮ ಕೂಗಿದರು. “ದೋಣಿ ಅತ್ತಣ್ಣ, ಅತ್ತು!” ನಾಲ್ಕು ಕೈಗಳು ಪ್ರೀತಿಯಿಂದ ಅವರನ್ನು ಎತ್ತಿದವು. ಕೊರಳಿಗೆ ಲೈಫ್ ಜಾಕೆಟ್ ಬಿತ್ತು. ಕದಿರಪ್ಪ ಎಂಜಿನ್ನಿನ ಪಕ್ಕದ ಹಲಗೆಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಕೂತರು. ದೋಣಿ ಹೊರಟಿತು.

ಸುತ್ತ ಎಲ್ಲಿ ನೋಡಿದರೂ ನೀರು. ನೋಡಿದರೆ ತಲೆ ಸುತ್ತುತ್ತದೆಂದು ಅವರು ಕಣ್ಣನ್ನು ಆ ಸಣ್ಣ ತೂತಿನಿಂದ ಬರುವ ನೀರಿನ ಎಳೆಗೆ ನೆಟ್ಟುಬಿಟ್ಟರು. ಅತ್ತ ತಿರುಗಲಿಲ್ಲ, ಇತ್ತ ತಿರುಗಲಿಲ್ಲ. ಮೇಡಂ ಏನೋ ಕೇಳಿದರು, ಉತ್ತರ ಬರಲಿಲ್ಲ. “ಕೆಲಸದ ಮೇಲೆ ನಿಗಾ ಅಂದ್ರೆ ಇದು ಮೇಡಂ,” ಎಂದು ಚಿಕ್ಕಮುನಿಯಪ್ಪ ಪಿಸುಗುಟ್ಟಿದ.

ಕೆರೆಯ ನಡುಮಧ್ಯೆ ಎಳೆ ಸಣ್ಣಗಾಯಿತು. ಹನಿಯಾಯಿತು. ನಿಂತಿತು. ಎಂಜಿನ್ನು ಇನ್ನೂ ಓಡುತ್ತಲೇ ಇತ್ತು, ಬೇರೆ ಯಾರಿಗೂ ಏನೂ ಗೊತ್ತಾಗಲಿಲ್ಲ.

“ಆಫ್ ಮಾಡ್ಲಾ!” ಕದಿರಪ್ಪ ಕಿರುಚಿದರು. “ನೀರ್ ನಿಂತೋಯ್ತು! ಆಫ್ ಮಾಡು!”

ಚಿಕ್ಕಮುನಿಯಪ್ಪ ಬೆಚ್ಚಿ ಆಫ್ ಮಾಡಿದ. ಎಂಜಿನ್ನಿನ ಕಾಲನ್ನು ಮೇಲಕ್ಕೆತ್ತಿದರೆ ನೀರೆಳೆಯುವ ಬಾಯಿಗೆ ಪಾಚಿ ಅಡರಿಕೊಂಡಿತ್ತು. ಬಗ್ಗಿ ಕಿತ್ತು ಎಸೆದ. ಒಂದೇ ಎಳೆತಕ್ಕೆ ಎಂಜಿನ್ನು ಎದ್ದಿತು. ಬಿಳಿಯ ಎಳೆ ಮತ್ತೆ ಚಿಮ್ಮಿತು. ಸುಮಿತಾ ಮೇಡಂ ಕದಿರಪ್ಪನವರನ್ನೇ ನೋಡುತ್ತ ಕೂತರು.

ದಡ ಸೇರಿದ ಮೇಲೆ ಮೇಡಂ ಇಳಿದು ಹೇಳಿದ್ದು ಇಷ್ಟೇ: “ಅಶ್ವತ್ಥಮ್ಮ, ಎಂಜಿನ್ ನಿಮ್ಮ ಹತ್ರಾನೇ ಇರುತ್ತೆ. ಕಂಡಮ್ ಮಾಡೋ ಮಾತಿಲ್ಲ. ಇಷ್ಟು ನಿಗಾ ಇರೋ ಮೆಕ್ಯಾನಿಕ್ಕನ್ನ ನಾನು ಎಲ್ಲೂ ನೋಡಿಲ್ಲ.” ಹೆಂಗಸರು ಹೋ ಎಂದು ಕೂಗಿದರು. ಅಶ್ವತ್ಥಮ್ಮ ಅತ್ತೇಬಿಟ್ಟರು. ಆರುಮುಗಂ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. ಹಾರ ತಂದರು. ಹಾರ ಹಾಕಿಸಿಕೊಳ್ಳಲು ಕದಿರಪ್ಪ ಮಾತ್ರ ಇಳಿಯಲೇ ಇಲ್ಲ. ಹಲಗೆ ಹಿಡಿದು ಹಾಗೇ ಕೂತಿದ್ದರು.

ಕಾಂತಮ್ಮ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿಗಿಳಿದು ದೋಣಿಯ ಹತ್ತಿರ ಹೋದರು. “ಇಳೀರಿ, ಎಲ್ರೂ ಕಾಯ್ತಾ ಅವ್ರೆ.”

ಕದಿರಪ್ಪ ಆಕೆಯ ಕಿವಿಗೆ ಮಾತ್ರ ಕೇಳುವಂತೆ ಹೇಳಿದರು: “ಕಾಲು ನಡುಗ್ತಾ ಅವೆ ಕಣೇ. ಎದ್ದೇಳಕ್ಕೆ ಆಗ್ತಿಲ್ಲ. ಏನ್ ಮಾಡೋದೋ ಗೊತ್ತಿಲ್ಲ.”

ಮದುವೆಯಾದಾಗಿನಿಂದ ಆ ಬಾಯಿಂದ ಬಾರದ ಮಾತು ಅಂದು ಬಂದಿತ್ತು. ಕಾಂತಮ್ಮ ಒಂದು ಗಳಿಗೆ ಗಂಡನ ಮುಖ ನೋಡಿದರು. ಆಮೇಲೆ ದಡದ ಕಡೆ ತಿರುಗಿ, ಕೋಡಿಗೂ ಕೇಳುವಂತೆ ಸಾರಿದರು: “ಅವ್ರು ಇನ್ನೊಂದು ಸಲ ಚೆಕ್ ಮಾಡ್ಬೇಕಂತೆ! ಅಷ್ಟು ಸುಲಭವಾಗಿ ಒಪ್ಪೋರಲ್ಲ ಅವ್ರು!”

ಚಪ್ಪಾಳೆ ಇನ್ನೂ ಜೋರಾಯಿತು. ಕಾಂತಮ್ಮ ಲೈಫ್ ಜಾಕೆಟ್ ತೊಟ್ಟು ದೋಣಿ ಹತ್ತಿ ಗಂಡನ ಪಕ್ಕ ಕೂತು, ಅವರ ಒಂದು ಕೈಯನ್ನು ಹಲಗೆಯಿಂದ ಬಿಡಿಸಿ ತಮ್ಮ ಕೈಯಲ್ಲಿಟ್ಟುಕೊಂಡರು. “ಓಡ್ಸಪ್ಪಾ ಚಿಕ್ಕಮುನಿಯಪ್ಪ,” ಎಂದರು. “ನಿಧಾನಕ್ಕೆ ಓಡ್ಸು, ನಾನೂ ನೋಡ್ಬೇಕು.”